ಲಾರಿ ಬಂದದ್ದು ನಸುಕಿನ ಮೂರೂ ನಲವತ್ತಕ್ಕೆ

ಜನವರಿ ತಿಂಗಳು, ತೊಗರಿ ಸುಗ್ಗಿ ಜೋರಾಗಿತ್ತು. ಕಲಬುರಗಿ ಹತ್ತಿರದ ಒಂದು ದಾಲ್ ಮಿಲ್ಲಿಗೆ ಕಾಟಾ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಲಾರಿ ಕಾಟಾದ ಮೇಲೆ ನಿಲ್ಲುತ್ತದೆ. ಗಾಡಿ ನಂಬರು, ತೂಕ, ಸಮಯ ಇಷ್ಟು ಚೀಟಿಯಲ್ಲಿ ಬೀಳುತ್ತದೆ. ಸಿ ಭಾಷೆಯ ಕೆಲವೇ ನೂರು ಸಾಲು, ಅದರಲ್ಲೇನು ಮಹಾ ಎಂದುಕೊಂಡಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿಯೇ ಓಡಿತ್ತು. ಮಿಲ್ಲಿನಲ್ಲಿ ಕೂರಿಸಿದ ಮರುದಿನ ಬೆಳಿಗ್ಗೆ ಮುನೀಮರ ಫೋನ್ ಬಂತು.

"ಏನ್ರಿ ಸರ್, ನಿಮ್ಮ ಚೀಟಿ ನೋಡಿದ್ರ ಲಾರಿ ನಸುಕಿನ್ಯಾಗ ಮೂರೂ ನಲವತ್ತಕ್ಕ ಬಂದದ ಅಂತದ. ಆಗ ಗೇಟಿಗಿ ಕೀಲಿ ಹಾಕಿತ್ತಲ್ರೀ. ಈಗ ಒಂಬತ್ತೂ ಹತ್ತಕ್ಕ ನಾನೇ ಒಳಗ ಬಿಟ್ಟೀನಿ."

ಒಂಬತ್ತೂ ಹತ್ತಕ್ಕೂ ಮೂರೂ ನಲವತ್ತಕ್ಕೂ ಸರಿಯಾಗಿ ಐದೂವರೆ ಗಂಟೆ ಅಂತರ. ನಮ್ಮ ದೇಶದ ಪ್ರೋಗ್ರಾಮರುಗಳಿಗೆ ಈ ಐದೂವರೆ ಹಳೇ ನೆಂಟ ಇದ್ದಂತೆ, ದೂರದಿಂದಲೇ ಗುರುತು ಸಿಗುತ್ತದೆ. ಎಲ್ಲಿ ಐದೂವರೆ ಗಂಟೆ ತಪ್ಪಿತೋ ಅಲ್ಲಿ ಯಂತ್ರಕ್ಕೆ ತಾನು ಭಾರತದಲ್ಲಿದ್ದೇನೆ ಅನ್ನೋದು ಗೊತ್ತಿಲ್ಲ ಎಂದೇ ಅರ್ಥ. ಆದರೆ ನಾನು ಹೇಳಿದ್ದೆನಲ್ಲ! ಟಿಜೆಡ್ ಎಂಬ, ಪ್ರೋಗ್ರಾಂ ಹೊರಗಿನಿಂದ ಓದಿಕೊಳ್ಳುವ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ 'ಏಷ್ಯಾ/ಕೋಲ್ಕತ್ತಾ' ಅಂತ ಬರೆದೇ ಬಂದಿದ್ದೆ. ಚೀಟಿಯ ಫೋಟೋ ಕಳಿಸಿ ಎಂದೆ. ಸಮಯದ ಪಕ್ಕದಲ್ಲಿ, 'ಐಎಸ್‌ಟಿ' (ಭಾರತದ ಸಮಯ) ಎಂದು ಇರಬೇಕಾದ ಜಾಗದಲ್ಲಿ, ಒಂದು ವಿಚಿತ್ರ ಪದ ಇತ್ತು. 'ಏಷ್ಯಾ'. ಬರೀ ಏಷ್ಯಾ.

ಆ ಒಂದು ಪದದಿಂದ ಗಂಟು ಬಿಚ್ಚಿತು. ಅದನ್ನು ಹೇಳುವ ಮೊದಲು ಯುನಿಕ್ಸ್‌ ಯಂತ್ರಗಳು (ಲಿನಕ್ಸ್, ಮ್ಯಾಕ್ ಎಲ್ಲ ಇದೇ ಬಳಗ) ಸಮಯವನ್ನು ಹೇಗೆ ಇಟ್ಟುಕೊಳ್ಳುತ್ತವೆ ಅಂತ ನೋಡೋಣ. (ಫಂಕ್ಷನ್ ಹೆಸರುಗಳನ್ನೆಲ್ಲ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರಗಳೇ ಬೇಕು, ಅದು ಗೊತ್ತಿದ್ದದ್ದೇ.)

ಯಂತ್ರದ ಒಳಗೆ ಗಡಿಯಾರವೂ ಇಲ್ಲ, ಊರೂ ಇಲ್ಲ. ಇರುವುದು ಒಂದು ಎಣಿಕೆ ಮಾತ್ರ. 1970ರ ಜನವರಿ 1ರಂದು ಯುಟಿಸಿ (ಜಗತ್ತಿಗೆಲ್ಲ ಆಧಾರದ ಸಮಯ) ಮಧ್ಯರಾತ್ರಿಯಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡ್ ಆಯಿತು ಅನ್ನುವ ಎಣಿಕೆ. ಸಿ ಭಾಷೆಯ ಟೈಮ್ ಫಂಕ್ಷನ್ ಕೊಡುವುದು ಇದನ್ನೇ. ಆ ಲಾರಿ ಕಾಟಾ ಹತ್ತಿದ್ದು 2025ರ ಜನವರಿ 10ರ ಬೆಳಿಗ್ಗೆ 9:10ಕ್ಕೆ ಎಂದಿಟ್ಟುಕೊಳ್ಳಿ. ಎಣಿಕೆ 1736480400. ಅದೇ ಕ್ಷಣಕ್ಕೆ ಮಿಲ್ಲಿನ ಸಾಹುಕಾರರ ದುಬೈನಲ್ಲಿರುವ ಅಳಿಯನ ಗಡಿಯಾರ 7:40 ತೋರಿಸುತ್ತದೆ. ಡಲ್ಲಾಸ್‌ನಲ್ಲಿರುವ ಮಗನಿಗೆ ಅದು ಇನ್ನೂ 9ನೇ ತಾರೀಖು, ರಾತ್ರಿ 9:40. ಮೂವರ ಯಂತ್ರದಲ್ಲೂ ಎಣಿಕೆ ಒಂದೇ. ಊರು ಬರುವುದು ಆ ಎಣಿಕೆಯನ್ನು ಓದುವಾಗ ಮಾತ್ರ.

ಓದುವುದಕ್ಕೆ ಎರಡು ಕನ್ನಡಕ. ಜಿಎಂಟೈಮ್ ಹಾಕಿಕೊಂಡರೆ ಯುಟಿಸಿ ಕಾಣುತ್ತದೆ, ಲೋಕಲ್‌ಟೈಮ್ ಹಾಕಿಕೊಂಡರೆ ಊರಿನ ಸಮಯ. ಎರಡೂ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಇಷ್ಟನ್ನು ಬಿಡಿಸಿ ಒಂದು ಸ್ಟ್ರಕ್ಟ್‌ನಲ್ಲಿ (ಹಲವು ಖಾನೆಗಳ ಡಬ್ಬಿ ಅನ್ನಿ) ತುಂಬಿ ಕೊಡುತ್ತವೆ. (ಅದರಲ್ಲಿ ತಿಂಗಳು ಸೊನ್ನೆಯಿಂದ ಶುರು, ವರ್ಷ 1900ರಿಂದ ಲೆಕ್ಕ. ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ಎಡವಿದವರೇ.) ಬಿಡಿಸಿದ್ದನ್ನು ಮತ್ತೆ ಎಣಿಕೆ ಮಾಡಲು ಎಂಕೆಟೈಮ್. ಚಂದವಾಗಿ ಬರೆಯಲು ಎಸ್‌ಟಿಆರ್‌ಎಫ್‌ಟೈಮ್.

ಊರು ಯಾವುದು ಅಂತ ಲೋಕಲ್‌ಟೈಮ್‌ಗೆ ಯಾರು ಹೇಳುತ್ತಾರೆ? ಮೊದಲು ಅದು ಟಿಜೆಡ್ ವೇರಿಯಬಲ್ ನೋಡುತ್ತದೆ. ಅದು ಇಲ್ಲದಿದ್ದರೆ ಯಂತ್ರದ ಸ್ವಂತ ಸೆಟ್ಟಿಂಗ್. ಅದೂ ಇಲ್ಲದಿದ್ದರೆ ತಕರಾರು ಮಾಡದೆ ಯುಟಿಸಿ. ಈ 'ತಕರಾರು ಮಾಡದೆ' ಅನ್ನುವುದೇ ಎಲ್ಲ ಗೋಳಿನ ಮೂಲ. ಎರರ್ ಬರುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲು ಬೀಳುವುದಿಲ್ಲ. ಸುಮ್ನೆ ಐದೂವರೆ ಗಂಟೆ ಹಿಂದಿನ ಸಮಯ ಬರುತ್ತದೆ, ಅಷ್ಟೇ.

ಈಗ 'ಏಷ್ಯಾ' ಕಥೆಗೆ ಬರೋಣ. ಟಿಜೆಡ್‌ನಲ್ಲಿ 'ಏಷ್ಯಾ/ಕೋಲ್ಕತ್ತಾ' ಎಂದು ಬರೆದರೆ ಅದು ಬರೀ ಹೆಸರಲ್ಲ, ಒಂದು ಕಡತದ ದಾರಿ. ಸಾಮಾನ್ಯವಾಗಿ ಯುಎಸ್‌ಆರ್, ಶೇರ್, ಜೋನ್‌ಇನ್ಫೋ ಎಂಬ ಫೋಲ್ಡರುಗಳ ಒಳಗೆ ಏಷ್ಯಾ ಎಂಬ ಫೋಲ್ಡರು, ಅದರೊಳಗೆ ಕೋಲ್ಕತ್ತಾ ಎಂಬ ಕಡತ. ಮಿಲ್ಲಿನ ಯಂತ್ರದಲ್ಲಿ ಪ್ರೋಗ್ರಾಂ ಓಡುತ್ತಿದ್ದದ್ದು ಒಂದು ಹಗುರವಾದ ಲಿನಕ್ಸ್ ಕಂಟೇನರ್ (ಪ್ರೋಗ್ರಾಂಗೆ ಬೇಕಾದಷ್ಟನ್ನೇ ಕಟ್ಟಿಟ್ಟ ಪೆಟ್ಟಿಗೆ) ಒಳಗೆ. ಜಾಗ ಉಳಿಸಲಿಕ್ಕೆ ಅಂತ ಅದರಲ್ಲಿ ಈ ಕಡತಗಳನ್ನು ತರುವ ಟಿಜೆಡ್‌ಡೇಟಾ ಪ್ಯಾಕೇಜನ್ನೇ ಹಾಕಿರಲಿಲ್ಲ. ಕಡತ ಸಿಗದಿದ್ದಾಗ ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ, ಲೋಕಲ್‌ಟೈಮ್ ಇರುವುದು ಇದರಲ್ಲೇ) ಏನು ಮಾಡುತ್ತದೆ ಗೊತ್ತಾ? ಇದು ಕಡತದ ಹೆಸರಲ್ಲ, ಹಳೆಯ ಪಾಸಿಕ್ಸ್ (ಯುನಿಕ್ಸ್‌ಗಳಿಗೆಲ್ಲ ಒಪ್ಪಿತ ಮಾನಕ) ಶೈಲಿಯ ಬರಹ ಇರಬೇಕು ಅಂದುಕೊಂಡು ಅಕ್ಷರಗಳನ್ನು ಓದುತ್ತಾ ಹೋಗುತ್ತದೆ. ಓರೆಗೆರೆ ಬಂದಲ್ಲಿ ನಿಲ್ಲುತ್ತದೆ. ಅಲ್ಲಿಯವರೆಗಿನ 'ಏಷ್ಯಾ' ವಲಯದ ಹೆಸರಾಗುತ್ತದೆ. ಅಂತರ ಬರೆದಿಲ್ಲವಲ್ಲ, ಹಾಗಾಗಿ ಸೊನ್ನೆ. ಯುಟಿಸಿ ಸಮಯದ ಮೇಲೆ ಏಷ್ಯಾ ಎಂಬ ಚೀಟಿ ಅಂಟಿಸಿದಂತೆ.

'ಐಎಸ್‌ಟಿ' ಎಂದು ಮೂರಕ್ಷರ ಮಾತ್ರ ಬರೆದರೆ ಇನ್ನೂ ಕೆಟ್ಟದ್ದು. ಆಗಲೂ ಅಂತರ ಸೊನ್ನೆಯೇ, ಆದರೆ ಪಕ್ಕದಲ್ಲಿ ಐಎಸ್‌ಟಿ ಎಂದೇ ಮುದ್ರಣ ಆಗುತ್ತದೆ. ನೋಡಿದವರು ನಂಬಲೇಬೇಕು. 'ಏಷ್ಯಾ' ಎಂದು ಬಂದದ್ದು ನನ್ನ ಪುಣ್ಯ. ಅಷ್ಟಕ್ಕೂ ಐಎಸ್‌ಟಿ ನಮ್ಮೊಬ್ಬರದೇ ಅಲ್ಲ. ಇಸ್ರೇಲ್‌ನವರೂ ಐರ್ಲೆಂಡ್‌ನವರೂ ಅದೇ ಮೂರಕ್ಷರ ಬಳಸುತ್ತಾರೆ.

ಮಿಲ್ಲಿನಲ್ಲಿ ಅವತ್ತು ಇಂಟರ್ನೆಟ್ ಇರಲಿಲ್ಲ, ಪ್ಯಾಕೇಜ್ ಹಾಕುವಂತಿಲ್ಲ. ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿದ್ದ ಹುಡುಗನಿಗೆ ಫೋನಿನಲ್ಲೇ ಹೇಳಿದೆ, "ತಮ್ಮಾ, ಟಿಜೆಡ್ ಸಾಲಿನ್ಯಾಗ ಐಎಸ್‌ಟಿ+5:30 ಅಂತ ಹೊಡಿ." ಕಡತ ಇಲ್ಲದಿದ್ದರೂ ಈ ಪಾಸಿಕ್ಸ್ ಶೈಲಿ ನಡೆಯುತ್ತದೆ, ಹೆಸರು ಮತ್ತು ಅಂತರ ಎರಡೂ ಅದರಲ್ಲೇ ಇವೆ. ಅವನು ಹೊಡೆದ. ಮುಂದಿನ ಚೀಟಿಯಲ್ಲಿ ಲಾರಿ ಹಿಂದಿನ ದಿನದ ರಾತ್ರಿ ಹತ್ತು ಗಂಟೆಯ ಮೇಲೆ ಬಂದಿತ್ತು! ಮುನೀಮರು ಈ ಸಲ ಫೋನಿನಲ್ಲಿ ಏನೂ ಅನ್ನಲಿಲ್ಲ, ಬರೀ ನಕ್ಕರು. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚಿತು.

ತಪ್ಪು ನನ್ನದೇ. ಪಾಸಿಕ್ಸ್ ಬರಹದಲ್ಲಿ ಚಿಹ್ನೆ ಉಲ್ಟಾ. ಗ್ರೀನಿಚ್‌ನಿಂದ ಪಶ್ಚಿಮಕ್ಕಿದ್ದರೆ ಪ್ಲಸ್, ಪೂರ್ವಕ್ಕಿದ್ದರೆ ಮೈನಸ್. ಊರಿನ ಸಮಯಕ್ಕೆ ಎಷ್ಟು ಕೂಡಿಸಿದರೆ ಯುಟಿಸಿ ಬರುತ್ತದೆ ಅನ್ನುವುದು ಅದರ ಲೆಕ್ಕ. ಯುನಿಕ್ಸ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ. ಅಲ್ಲಿನವರಿಗೆ ತಮ್ಮ ಅಂತರವನ್ನು 'ಇಎಸ್‌ಟಿ5ಇಡಿಟಿ' ಅಂತ ಮೈನಸ್ ಇಲ್ಲದೆ ಬರೆಯುವುದು ಸಲೀಸು. ನಮಗೆ ಅದು 'ಐಎಸ್‌ಟಿ-5:30' ಆಗುತ್ತದೆ. ನಾನು ಪ್ಲಸ್ ಹಾಕಿದ್ದರಿಂದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಹೋಗುವ ಬದಲು ಐದೂವರೆ ಹಿಂದೆ ಹೋಯಿತು. ಒಟ್ಟು ಹನ್ನೊಂದು ಗಂಟೆ ತಪ್ಪು, ತಾರೀಖೂ ಬದಲು. ಹೋಗಲಿ, ಎಲ್ಲ ಕಡೆ ಉಲ್ಟಾ ಆದರೂ ಇದ್ದಿದ್ದರೆ ನೆನಪಿಟ್ಟುಕೊಳ್ಳಬಹುದಿತ್ತು. ಎಸ್‌ಟಿಆರ್‌ಎಫ್‌ಟೈಮ್‌ಗೆ ಸಣ್ಣ ಜೆಡ್ ಕೊಟ್ಟರೆ ಅದು ಮುದ್ರಿಸುವುದು +0530. ಅದೇ ಯಂತ್ರ, ಅದೇ ಊರು, ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್.

ಮೈನಸ್ ಹಾಕಿಸಿದೆ. ಅವತ್ತಿನ ಲಾರಿಗಳು ಸರಿಯಾದ ಹೊತ್ತಿಗೆ ಒಳಗೆ ಬಂದವು.

ಹಾಗಾದರೆ ಯಾವಾಗಲೂ 'ಐಎಸ್‌ಟಿ-5:30' ಎಂದೇ ಬರೆದರಾಯಿತಲ್ಲ, ಕಡತದ ಹಂಗು ಯಾಕೆ? ಭಾರತದ ಇವತ್ತಿನ ಸಮಯಕ್ಕೆ ಮಾತ್ರ ಆದರೆ ಅದು ಸಾಕು. ನಮ್ಮಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಸಮಯ ಇಲ್ಲ. ಡಲ್ಲಾಸ್‌ನ ಮಗನಿಗೆ ಹಾಗಲ್ಲ. ಅಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ನವೆಂಬರಿನ ಮೊದಲ ಭಾನುವಾರ ಹಿಂದೆ. ಈ ನಿಯಮವನ್ನೂ ಪಾಸಿಕ್ಸ್ ಶೈಲಿಯಲ್ಲಿ ಬರೆಯಬಹುದು, ಆದರೆ ಈ ನಿಯಮ ಬಂದದ್ದೇ 2007ರಿಂದ. 2005ರ ಒಂದು ದಿನದ ಲೆಕ್ಕ ಬೇಕಾದರೆ ಆ ಒಂದು ಸಾಲು ಸುಳ್ಳು ಹೇಳುತ್ತದೆ. ಇತಿಹಾಸ ಇರುವುದು ಕಡತಗಳಲ್ಲಿ ಮಾತ್ರ.

ಆ ಕಡತಗಳ ಸಂಗ್ರಹವೇ ಟಿಜೆಡ್ ಡೇಟಾಬೇಸ್. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಶುರು ಮಾಡಿದ್ದು. ಅದಕ್ಕೇ ಹಳಬರು ಈಗಲೂ ಓಲ್ಸನ್ ಡೇಟಾಬೇಸ್ ಅನ್ನುತ್ತಾರೆ. 2011ರಿಂದ ಐಎಎನ್‌ಎ (ಇಂಟರ್ನೆಟ್ಟಿನ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಆಸರೆಯಲ್ಲಿದೆ, ಪಾಲ್ ಎಗರ್ಟ್ ನೋಡಿಕೊಳ್ಳುತ್ತಾರೆ. 1970ರಿಂದ ಈಚೆಗೆ ಎಲ್ಲೆಲ್ಲಿ ಗಡಿಯಾರಗಳು ಒಂದೇ ಸಮಯ ತೋರಿಸಿವೆಯೋ ಆ ಭಾಗಕ್ಕೆಲ್ಲ ಒಂದು ಹೆಸರು ಸಾಕು ಅನ್ನುವುದು ಅದರ ಲೆಕ್ಕಾಚಾರ. ಹಾಗಾಗಿ ಕಲಬುರಗಿಗೂ ಬೀದರಿಗೂ ಯಾದಗಿರಿಗೂ ಕೋಲ್ಕತ್ತಾ ಕಡತವೇ ಗತಿ.

ಆ ಕಡತದಲ್ಲಿ ನಮ್ಮ ಹಳೆಯ ಕಥೆ ಚೆನ್ನಾಗಿದೆ. 1906ರ ಜನವರಿ 1ಕ್ಕೆ ಐದೂವರೆ ಗಂಟೆ ಶುರು. ಅದಕ್ಕೂ ಹಿಂದೆ ಮದರಾಸು ಸಮಯ, 5 ಗಂಟೆ 21 ನಿಮಿಷ 10 ಸೆಕೆಂಡ್. ರೈಲುಗಳು ಓಡುತ್ತಿದ್ದದ್ದು ಆ ಸಮಯದಲ್ಲೇ. ಎರಡನೇ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ 15ರವರೆಗೆ, ಗಡಿಯಾರ ಒಂದು ಗಂಟೆ ಮುಂದಿತ್ತು, ಆರೂವರೆ. 1943ರಲ್ಲಿ ಹುಟ್ಟಿದವರ ಜನ್ಮಕುಂಡಲಿ ಪ್ರೋಗ್ರಾಂ ಬರೆಯುವವರು 'ಐಎಸ್‌ಟಿ-5:30' ಎಂದು ಗಟ್ಟಿಯಾಗಿ ಕೂರಿಸಿದರೆ ಲಗ್ನವೇ ತಪ್ಪಬಹುದು. ಇನ್ನು ಸೂರ್ಯನನ್ನು ಕೇಳಿದರೆ ನಮ್ಮ ಗಡಿಯಾರ ಇವತ್ತಿಗೂ ಪೂರ್ತಿ ಸರಿಯಲ್ಲ. ದೇಶದ ಸಮಯ ನಿಂತಿರುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಮೇಲೆ. ಕಲಬುರಗಿ ಇರುವುದು ಎಪ್ಪತ್ತಾರು ಮುಕ್ಕಾಲು ಡಿಗ್ರಿಯ ಆಸುಪಾಸು. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ತಡ. ಮೇ ತಿಂಗಳಲ್ಲಿ ಹನ್ನೆರಡು ಹೊಡೆದಾಗ ಬಿಸಿಲು ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಹಾಗಂತ ಸೆಕೆ ಏನೂ ಕಡಿಮೆ ಇರುವುದಿಲ್ಲ ಬಿಡಿ.

ಹೆಸರಿನದೂ ಒಂದು ತಕರಾರು ಇದೆ. ಮೊದಲು ಈ ಕಡತದ ಹೆಸರು 'ಏಷ್ಯಾ/ಕಲ್ಕತ್ತಾ' ಎಂದಿತ್ತು. ತುಂಬಾ ಹಳೆಯ ಯಂತ್ರಗಳಿಗೆ ಕಲ್ಕತ್ತಾ ಮಾತ್ರ ಗೊತ್ತು. ಇತ್ತೀಚಿನ ಕೆಲವು ಲಿನಕ್ಸ್‌ಗಳಲ್ಲಿ ಹಳೆಯ ಹೆಸರುಗಳನ್ನು ಬೇರೆ ಪ್ಯಾಕೇಜಿಗೆ ಸಾಗಿಸಿದ್ದಾರೆ. ಹೊಸ ಯಂತ್ರಕ್ಕೆ ಹಳೆಯ ಹೆಸರು ಕೊಟ್ಟರೂ, ಹಳೆಯದಕ್ಕೆ ಹೊಸದು ಕೊಟ್ಟರೂ ಕಡತ ಸಿಗದೆ ಮತ್ತೆ ಐದೂವರೆ ಗಂಟೆ ಹೋಗುತ್ತದೆ.

ಟಿಜೆಡ್ ಇಲ್ಲದಾಗ 'ಯಂತ್ರದ ಸ್ವಂತ ಸೆಟ್ಟಿಂಗ್' ನೋಡುತ್ತದೆ ಎಂದೆನಲ್ಲ. ಅದು ಎಲ್ಲಿರುತ್ತದೆ ಅನ್ನುವುದು ಯುನಿಕ್ಸ್‌ನಿಂದ ಯುನಿಕ್ಸ್‌ಗೆ ಬೇರೆ. ಲಿನಕ್ಸ್, ಫ್ರೀಬಿಎಸ್‌ಡಿ, ಮ್ಯಾಕ್ ಈ ಮೂರರಲ್ಲೂ ಇಟಿಸಿ ಫೋಲ್ಡರಿನ ಲೋಕಲ್‌ಟೈಮ್ ಕಡತ. ಕೆಲವು ಕಡೆ ಅದು ಜೋನ್‌ಇನ್ಫೋ ಕಡತಕ್ಕೆ ಕೊಂಡಿ, ಕೆಲವು ಕಡೆ ಅದರ ನಕಲು. ಹಳೆಯ ಸೋಲಾರಿಸ್‌ನಲ್ಲಿ ಇಟಿಸಿ/ಡೀಫಾಲ್ಟ್/ಇನಿಟ್ ಕಡತದಲ್ಲಿ ಟಿಜೆಡ್ ಸಾಲು, ಎಐಎಕ್ಸ್‌ನಲ್ಲಿ ಇಟಿಸಿ/ಎನ್ವಿರಾನ್ಮೆಂಟ್, ಎಚ್‌ಪಿ-ಯುಎಕ್ಸ್‌ನಲ್ಲಿ ಇಟಿಸಿ/ಟೈಮ್‌ಜೋನ್. ಇಷ್ಟನ್ನೂ ನೆನಪಿಡುವುದು ಬೇಡ. ನಿಮ್ಮ ಪ್ರೋಗ್ರಾಂ ಈ ಕಡತಗಳನ್ನು ತಾನೇ ತೆರೆದು ಓದಲು ಹೋಗಬಾರದು, ಅಷ್ಟೇ. ನಕಲು ಇದ್ದಲ್ಲಿ ಕೊಂಡಿ ಹುಡುಕಿ, ಕೊಂಡಿ ಇದ್ದಲ್ಲಿ ಇಲ್ಲದ ಸಾಲು ಹುಡುಕಿ ಒದ್ದಾಡುವ ಕೋಡ್ ಎಷ್ಟೋ ನೋಡಿದ್ದೇನೆ. ಲೋಕಲ್‌ಟೈಮ್‌ಗೆ ಆ ಕೆಲಸ ಗೊತ್ತು, ಅದಕ್ಕೇ ಬಿಡಿ.

ಜಿಲಿಬ್‌ಸಿಯ ಇನ್ನೊಂದು ಚಾಳಿ ಇಲ್ಲೇ ಹೇಳಿಬಿಡುತ್ತೇನೆ. ಟಿಜೆಡ್ ಇಟ್ಟಿರದಿದ್ದರೆ ಪ್ರತಿ ಸಲ ಲೋಕಲ್‌ಟೈಮ್ ಕರೆದಾಗಲೂ ಅದು ಇಟಿಸಿಯ ಕಡತ ಬದಲಾಗಿದೆಯೇ ಅಂತ ಒಮ್ಮೆ ಇಣುಕಿ ಬರುತ್ತದೆ. ಸೆಕೆಂಡಿಗೆ ಸಾವಿರಾರು ಲಾಗ್ ಸಾಲು ಬರೆಯುವ ಪ್ರೋಗ್ರಾಂ ಸೆಕೆಂಡಿಗೆ ಸಾವಿರಾರು ಸಲ ಇಣುಕುತ್ತದೆ. ಟಿಜೆಡ್ ಇಟ್ಟರೆ ಈ ಓಡಾಟ ತಪ್ಪುತ್ತದೆ.

ಮಿಲ್ಲಿನ ಲೆಕ್ಕದ ಕೋಣೆಯಲ್ಲಿ ಇನ್ನೊಂದು ಯಂತ್ರ ಇತ್ತು, ಫ್ರೀಬಿಎಸ್‌ಡಿ ಓಡುವ ಹಳೆಯ ಸರ್ವರ್. ಕಾಟಾದ ಚೀಟಿಗಳೆಲ್ಲ ಕೊನೆಗೆ ಅಲ್ಲಿಗೆ ಹೋಗಬೇಕು. ಅದೇ ಕೋಡ್ ಅಲ್ಲಿ ಕಂಪೈಲ್ ಮಾಡಿದರೆ ಕಂಪೈಲರ್ ಮುನಿಸಿಕೊಂಡಿತು. ನಾನು ಅಂತರ ತಿಳಿಯಲು ಟೈಮ್‌ಜೋನ್ ಎಂಬ ಗ್ಲೋಬಲ್ ವೇರಿಯಬಲ್ ಬಳಸಿದ್ದೆ. ಲಿನಕ್ಸ್‌ನಲ್ಲಿ ಅದೊಂದು ಸಂಖ್ಯೆ, ನಮ್ಮಲ್ಲಿ -19800 (ಮತ್ತೆ ಪಶ್ಚಿಮದ ಲೆಕ್ಕ). ಆ ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರು ಒಂದು ಹಳೆಯ ಫಂಕ್ಷನ್ನಿನದು! ಫಂಕ್ಷನ್ನಿನಿಂದ ಸೆಕೆಂಡ್ ಕಳೆಯಿರಿ ಅಂದರೆ ಕಂಪೈಲರ್ ಏನು ಮಾಡೀತು ಪಾಪ. ಬಿಎಸ್‌ಡಿಗಳಲ್ಲೂ ಲಿನಕ್ಸ್‌ನಲ್ಲೂ ಇರುವ ಒಳ್ಳೆಯ ದಾರಿ, ಲೋಕಲ್‌ಟೈಮ್ ತುಂಬಿಕೊಡುವ ಸ್ಟ್ರಕ್ಟ್‌ನ ಟಿಎಂ_ಜಿಎಂಟಿಆಫ್ ಅನ್ನುವ ಭಾಗ. ಅದು ಪೂರ್ವದ ಲೆಕ್ಕ, +19800. 2024ರ ಪಾಸಿಕ್ಸ್ ಇದನ್ನು ಅಧಿಕೃತವಾಗಿ ಸೇರಿಸಿಕೊಂಡಿದೆ. ಅದಿಲ್ಲದ ಹಳೆಯ ಯಂತ್ರವಾದರೆ ಒಂದೇ ಎಣಿಕೆಯನ್ನು ಜಿಎಂಟೈಮ್, ಲೋಕಲ್‌ಟೈಮ್ ಎರಡಕ್ಕೂ ಕೊಟ್ಟು ವ್ಯತ್ಯಾಸ ತೆಗೆಯುವುದೇ ಸರಿ. ತಾರೀಖು ಬದಲಾಗುವ ಹೊತ್ತಿನ ಲೆಕ್ಕ ಮರೆಯಬೇಡಿ.

ಅದೇ ಸರ್ವರಿನಲ್ಲಿ ರಾತ್ರಿ ಓಡುವ ವರದಿಯೂ ಕಾಡಿತು. ಕೈಯಿಂದ ಓಡಿಸಿದರೆ ಸರಿ, ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸುವ ಕ್ರಾನ್‌ನಿಂದ ಓಡಿದರೆ ತಪ್ಪು. ಟಿಜೆಡ್ ಸಾಲನ್ನು ನಾನು ನನ್ನ ಶೆಲ್‌ನ ಕಡತದಲ್ಲಿ ಬರೆದಿದ್ದೆ, ಕ್ರಾನ್ ಅದನ್ನು ಓದುವುದೇ ಇಲ್ಲ. ಅದಕ್ಕೆ ತನ್ನದೇ ಆದ ಬಡ ಎನ್ವಿರಾನ್ಮೆಂಟ್.

ಸಾಹುಕಾರರಿಗೆ ವರದಿಯಲ್ಲಿ ನಮ್ಮ ಸಮಯದ ಪಕ್ಕದಲ್ಲೇ ಮಗನ ಊರಿನ ಸಮಯವೂ ಬೇಕಾಗಿತ್ತು. ಸೆಟ್‌ಎನ್ವ್ ಮಾಡಿ ಟಿಜೆಡ್ ಬದಲಿಸಿ, ಮತ್ತೆ ಸಮಯ ಬಿಡಿಸಿದೆ. ಎರಡೂ ಕಲಬುರಗಿ ಸಮಯವೇ ಬಂತು. ನಾನು ಬಳಸಿದ್ದು ಲೋಕಲ್‌ಟೈಮ್_ಆರ್. ಸಾದಾ ಲೋಕಲ್‌ಟೈಮ್ ಪ್ರತಿ ಸಲ ಟಿಜೆಡ್‌ಸೆಟ್ (ಟಿಜೆಡ್ ಅನ್ನು ಹೊಸದಾಗಿ ಓದುವ ಫಂಕ್ಷನ್) ಕರೆದಂತೆಯೇ ನಡೆದುಕೊಳ್ಳಬೇಕು ಎಂದು ಪಾಸಿಕ್ಸ್ ಹೇಳುತ್ತದೆ. 'ಆರ್' ಬಾಲ ಇರುವುದಕ್ಕೆ ಆ ಬಂಧನ ಇಲ್ಲ, ಹಳೆಯ ವಲಯವನ್ನೇ ಹಿಡಿದುಕೊಂಡು ಕೂರಬಹುದು. ಟಿಜೆಡ್ ಬದಲಿಸಿದ ಕೂಡಲೇ ಟಿಜೆಡ್‌ಸೆಟ್ ಅನ್ನು ನೀವೇ ಕರೆದರೆ ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಸಾದಾ ಲೋಕಲ್‌ಟೈಮ್‌ಗೂ ಒಂದು ಕೊರತೆ ಇದೆ. ಅದು ತನ್ನ ಒಂದೇ ತಟ್ಟೆಯಲ್ಲಿ ಎಲ್ಲರಿಗೂ ಬಡಿಸುತ್ತದೆ, ಎರಡನೇ ಸಲ ಕರೆದಾಗ ಮೊದಲಿನದು ಅಳಿಸಿ ಹೋಗುತ್ತದೆ. ಥ್ರೆಡ್‌ಗಳಿದ್ದರೆ (ಒಂದೇ ಪ್ರೋಗ್ರಾಂನಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಅದನ್ನು ಮುಟ್ಟಬೇಡಿ, ಟಿಜೆಡ್ ಬದಲಿಸುವ ಆಟವನ್ನೂ ಆಡಬೇಡಿ. ಒಂದು ಥ್ರೆಡ್ ಡಲ್ಲಾಸ್‌ಗೆ ಹೋದರೆ ಇಡೀ ಪ್ರೋಗ್ರಾಂ ಡಲ್ಲಾಸ್‌ಗೆ ಹೋಗುತ್ತದೆ.

ಎಂಕೆಟೈಮ್ ಬಗ್ಗೆ ಎರಡು ಮಾತು. ಸ್ಟ್ರಕ್ಟ್‌ನಲ್ಲಿ ಟಿಎಂ_ಐಎಸ್‌ಡಿಎಸ್‌ಟಿ ಎಂಬ ಭಾಗ ಇದೆ, ಬೇಸಿಗೆ ಸಮಯವೋ ಅಲ್ಲವೋ ಅಂತ. ನಮ್ಮಲ್ಲಿ ಆ ಪದ್ಧತಿ ಇಲ್ಲದ ಕಾರಣ ಅದನ್ನು ತುಂಬುವುದೇ ಮರೆತುಹೋಗುತ್ತದೆ. ತುಂಬದಿದ್ದರೆ ಅಲ್ಲಿ ಯಾವುದೋ ಕಸ ಇರುತ್ತದೆ, ಒಂದೊಂದು ಯುನಿಕ್ಸ್ ಅದನ್ನು ಒಂದೊಂದು ಥರ ಓದುತ್ತದೆ. -1 ಎಂದು ಬರೆಯಿರಿ, ನೀನೇ ನೋಡಿಕೋ ಎಂದು ಅರ್ಥ. ಎರಡನೆಯದು, ಎಂಕೆಟೈಮ್ ಕೇಳುವುದು ಊರಿನ ಸಮಯವನ್ನು. ಯುಟಿಸಿಯಲ್ಲಿ ಬಂದ ಸಮಯವನ್ನು ಅದಕ್ಕೆ ಕೊಟ್ಟರೆ ಮತ್ತೆ ಐದೂವರೆ. ಯುಟಿಸಿಗೆ ಟೈಮ್‌ಜಿಎಂ ಬೇಕು. ಲಿನಕ್ಸ್‌ನಲ್ಲೂ ಬಿಎಸ್‌ಡಿಗಳಲ್ಲೂ ಅದು ಬಹಳ ಕಾಲದಿಂದ ಇದೆ, ಸಿ23 ಮಾನಕದಲ್ಲೂ ಈಗ ಸೇರಿದೆ.

ಇಷ್ಟಾದ ಮೇಲೆ ಕೋಡನ್ನು ಮತ್ತೆ ಬರೆದೆ. ಕಡತದಲ್ಲಿ ಈಗ ಎಣಿಕೆ ಮಾತ್ರ ಇರುತ್ತದೆ, 1736480400 ಅನ್ನುವಂಥದ್ದು. ಊರಿನ ಸಮಯ ಹುಟ್ಟುವುದು ಚೀಟಿ ಮುದ್ರಿಸುವ ಗಳಿಗೆಯಲ್ಲಿ. ಹಾಗೆ ಮೊದಲೇ ಮಾಡಿದ್ದರೆ ಆ ದಿನದ ತಪ್ಪು ಚೀಟಿಗಳನ್ನು ಮತ್ತೆ ಮುದ್ರಿಸಿದರೆ ಸಾಕಿತ್ತು. ನಾನು ಕಡತಕ್ಕೂ '03:40' ಎಂದೇ ಬರೆದಿದ್ದೆ, ಒಂದೊಂದನ್ನೂ ಕೈಯಿಂದ ತಿದ್ದಬೇಕಾಯಿತು.

ಎಣಿಕೆಯನ್ನು ಇಡುವ ಟೈಮ್_ಟಿ 64 ಬಿಟ್ ಇದೆಯೇ ಅಂತಲೂ ನೋಡಿಕೊಂಡೆ. 32 ಬಿಟ್ ಆದರೆ 2038ರ ಜನವರಿ 19ರಂದು ನಮ್ಮ ಬೆಳಿಗ್ಗೆ 8:44:07ಕ್ಕೆ ಜಾಗ ತುಂಬಿಹೋಗುತ್ತದೆ. ಅದೂ ತೊಗರಿ ಸುಗ್ಗಿಯಲ್ಲೇ.

ಮತ್ತೊಂದು ಸಣ್ಣ ಕೆಲಸ ಮಾಡಿದೆ. ಪ್ರೋಗ್ರಾಂ ಶುರುವಾದ ಕೂಡಲೇ ಆ ಲಾರಿಯ ಎಣಿಕೆಯನ್ನೇ ಲೋಕಲ್‌ಟೈಮ್‌ಗೆ ಕೊಡುತ್ತದೆ. 9:10 ಬಂದರೆ ಮುಂದೆ ಹೋಗುತ್ತದೆ. ಬರದಿದ್ದರೆ ಕಾಟಾ ಪರದೆಯ ಮೇಲೆ 'ಈ ಯಂತ್ರಕ್ಕೆ ಕಲಬುರಗಿ ಸಮಯ ಗೊತ್ತಿಲ್ಲ' ಎಂದು ಬರೆದು ನಿಂತುಬಿಡುತ್ತದೆ. ಮುಂದಿನ ವರ್ಷ ಯಾರೋ ಕಂಟೇನರ್ ಹೊಸದು ಹಾಕಿದರು, ಟಿಜೆಡ್‌ಡೇಟಾ ಮತ್ತೆ ಬಿಟ್ಟುಹೋಗಿತ್ತು. ಟಿಜೆಡ್ ಸಾಲನ್ನೂ ಮೊದಲಿನಂತೆ 'ಏಷ್ಯಾ/ಕೋಲ್ಕತ್ತಾ' ಮಾಡಿದ್ದರು. ಮುನೀಮರು ಫೋನ್ ಮಾಡಿದರು.

"ಸರ್, ನಿಮ್ಮ ಮಿಷನ್ನಿಗಿ ಕಲಬುರಗಿ ಗೊತ್ತಿಲ್ಲಂತ. ಯಾವೂರಿಂದ ತಂದೀರಿ?"